ತೋಟದ ಜೀಪಿನ ಗಡಸು ಸ್ಪ್ರಿಂಗನ್ನು ಮೆದುಗೊಳಿಸುವ ಕ್ರಮ

ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಸೀಮೆಯಲ್ಲಿ ಮನೆಗಳು ಬಯಲು ಸೀಮೆಯಂತೆ ಒಂದೆಡೆ ಒತ್ತಾಗಿರುವುದಿಲ್ಲ. ತೋಟಕ್ಕೊಂದು ಮನೆ, ಮನೆಯಿಂದ ಡಾಂಬರು ರಸ್ತೆಯವರೆಗೆ ಏರು ತಗ್ಗುಗಳ ಮಣ್ಣುದಾರಿ. ಮೈಸೂರು ಸರ್ಕಾರದವರು 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಕಾಲಕ್ಕೆ ಇಂತಹ ದಾರಿಗಳಲ್ಲಿ ಎತ್ತಿನ ಗಾಡಿ ಮತ್ತು ತಲೆಹೊರೆಗಳೇ ಆಧಾರವಾಗಿದ್ದುವು. ಈಗ ಆ ಭಾರವು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವುಳ್ಳ ಸಣ್ಣ ಜೀಪುಗಳ ಪಾಲಿಗೆ ಬಂದಿದೆ. ಕಾಫಿ ಮೂಟೆ, ಅಡಿಕೆ, ಗೊಬ್ಬರಗಳಲ್ಲದೆ, ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸನ್ನಾಗಲಿ, ಮರಗಸಿ ಮಾಡುವಾಗ ಬಿದ್ದ ಆಳನ್ನಾಗಲಿ ಆಸ್ಪತ್ರೆಗೆ ಮುಟ್ಟಿಸುವುದೂ ಅನೇಕ ಕಡೆಗಳಲ್ಲಿ ಇದೇ ಗಾಡಿ. ಅದರ ಕುಲುಕಾಟವು ಕೇವಲ ಸುಖದ ವಿಷಯವಲ್ಲವೆಂಬುದನ್ನು ಜಮೀನ್ದಾರರಿಗೂ ಗ್ರಾಮದ ಮುಖಂಡರಿಗೂ ಬೇರೆ ಹೇಳಬೇಕಾದುದಿಲ್ಲ.

ಈ ಕುಲುಕಾಟಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಸ್ಪ್ರಿಂಗಿನ ಕಟ್ಟಿನಿಂದ ಒಂದೆರಡು ಪ್ಲೇಟುಗಳನ್ನು ತೆಗೆಸಿಬಿಡುವುದು. ಖರ್ಚು ಕಡಮೆ, ಫಲ ಕೂಡಲೆ. ಆದರೆ ಖಾಲಿ ಗಾಡಿಯಲ್ಲಿ ಗಡಸಾಗಿ ತೋರುವುದೇ ತುಂಬಿದ ಗಾಡಿಯಲ್ಲಿ ಬಲವಾಗಿರುತ್ತದೆ. ಆದಕಾರಣ ಉಕ್ಕಿನ ನಿಜವಾದ ಗಡಸಿಗೆ ಕೈಹಾಕುವ ಮೊದಲು, ತುಕ್ಕು, ಕೆಸರು ಮತ್ತು ಅಲಕ್ಷ್ಯದಿಂದ ಬಂದ ಸುಳ್ಳು ಗಡಸನ್ನು ಹೋಗಲಾಡಿಸುವುದೇ ಯುಕ್ತವಾದ ಕ್ರಮ.

ಗಡಸಿಗೆ ಕಾರಣ

ಎತ್ತಿನ ಗಾಡಿಯಲ್ಲಿ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಸ್ಪ್ರಿಂಗು ಇರುವುದಿಲ್ಲ. ಜೀಪಿನಲ್ಲಿ ಉಕ್ಕಿನ ಪ್ಲೇಟುಗಳನ್ನು ಒಂದರಮೇಲೊಂದು ಜೋಡಿಸಿ, ಬಿಲ್ಲಿನಂತೆ ಬಾಗಿಸಿ, ಅಚ್ಚಿಗೆ ಯೂ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಎಲ್ಲಕ್ಕೂ ಉದ್ದವಾದ ಮೇನ್ ಪ್ಲೇಟಿನ ಎರಡು ತುದಿಗಳಲ್ಲಿ ಸುರುಳಿಯಾದ ಕಣ್ಣುಗಳುಂಟು. ಒಂದು ಕಣ್ಣು ಚಾಸಿಗೆ ನೇರವಾಗಿ ಸೇರಿದ್ದರೆ, ಇನ್ನೊಂದು ಶ್ಯಾಕಲ್ ಎಂಬ ತೂಗುಕೊಂಡಿಯ ಮೂಲಕ ಸೇರಿರುತ್ತದೆ. ಪ್ಲೇಟು ಬಾಗಿದಾಗ ಅದರ ಉದ್ದ ಹೆಚ್ಚುಕಡಮೆಯಾಗುವುದರಿಂದ ಈ ಕೊಂಡಿ ಸಲೀಸಾಗಿ ಆಡಬೇಕು. ಪ್ಲೇಟುಗಳೂ ಒಂದರಮೇಲೊಂದು ಜಾರಬೇಕು.

ಅಮೆರಿಕದ ಸೈನ್ಯಕ್ಕಾಗಿ 1941ರಿಂದ ತಯಾರಾದ ವಿಲ್ಲೀಸ್ ಜೀಪನ್ನು ಕಾಲು ಟನ್ನಿನ ಗಾಡಿಯೆಂದು ವರ್ಗೀಕರಿಸಿದ್ದರು. ಅದೇ ಮಾದರಿಯನ್ನು 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ನಾಲ್ಕು ಚಕ್ರಗಳಿಗೂ ಪ್ಲೇಟಿನ ಸ್ಪ್ರಿಂಗುಗಳೇ. ಅದರ ತಯಾರಿಕೆ ನಿಂತಿದ್ದರೂ ಮಲೆನಾಡಿನಲ್ಲಿ ಗಾಡಿಗಳು ಇನ್ನೂ ಓಡುತ್ತಿವೆ. ಇವೆಲ್ಲ ಮೈ ಹಗುರವಾದ, ಉದ್ದ ಕಡಮೆಯಾದ ಗಾಡಿಗಳು. ಆದರೆ ಸ್ಪ್ರಿಂಗುಗಳನ್ನು ಗೊತ್ತುಮಾಡುವುದು ತುಂಬಿದ ಹೊರೆಗೆ. ಆದಕಾರಣ ಒಬ್ಬನೇ ಕುಳಿತು ಹೋಗುವಾಗ ಎಸೆಯುವ ಗಾಡಿಯು ಐವತ್ತು ಕಿಲೋಗ್ರಾಮಿನ ನಾಲ್ಕೈದು ಮೂಟೆಗಳನ್ನು ಹೇರಿದೊಡನೆ ಶಾಂತವಾಗುತ್ತದೆ.

ಮೊದಲು ಮಾಡಬೇಕಾದ ಪರೀಕ್ಷೆ

ಖಾಲಿ ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸತಕ್ಕದ್ದು. ಇಬ್ಬರು ಹಿಂಭಾಗವನ್ನು ಕೆಳಕ್ಕೆ ಅದುಮಿ, ನಿಧಾನವಾಗಿ ಕೈಬಿಡಲಿ. ಆಗ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಎತ್ತರವೆಂಬುದನ್ನು ಅಳೆಯಬೇಕು. ಅನಂತರ ಅದೇ ಭಾಗವನ್ನು ಮೇಲಕ್ಕೆತ್ತಿ, ನಿಧಾನವಾಗಿ ಬಿಟ್ಟು, ಮತ್ತೊಮ್ಮೆ ಅಳೆಯಬೇಕು. ಎರಡು ಅಳತೆಗಳೂ ಬಹುಮಟ್ಟಿಗೆ ಒಂದೇ ಆಗಿದ್ದರೆ ಸ್ಪ್ರಿಂಗು ಸಲೀಸಾಗಿ ಆಡುತ್ತಿದೆಯೆಂದು ತಿಳಿಯಬಹುದು. ಅಂತರವು ಹೆಚ್ಚಿದಷ್ಟೂ ಪ್ಲೇಟುಗಳ ನಡುವೆ ಅಥವಾ ಶ್ಯಾಕಲುಗಳಲ್ಲಿ ಹಿಡಿತ ಹೆಚ್ಚಾಗಿದೆಯೆಂದು ಅರ್ಥ. ಹೀಗೆ ಹಿಡಿದುಕೊಂಡ ಸ್ಪ್ರಿಂಗು ಸಣ್ಣ ಸಣ್ಣ ಕಲ್ಲುಗಳಿಗೆ ಬಾಗುವುದೇ ಇಲ್ಲ. ಪೆಟ್ಟು ನೇರವಾಗಿ ಕುಳಿತವರ ಬೆನ್ನಿಗೆ ತಗಲುತ್ತದೆ. ಇಂತಹ ಗಾಡಿಯಿಂದ ಒಂದು ಪ್ಲೇಟನ್ನು ತೆಗೆದರೂ ಉಳಿದವುಗಳ ಹಿಡಿತ ಹಾಗೆಯೇ ಇರುವುದು.

ಸುಳ್ಳು ಗಡಸನ್ನು ತೆಗೆಯುವುದು

ಮೊದಲನೆಯದು ಟೈರಿನ ಗಾಳಿ. ಕಾರಿಗೆ ಹಾಕುವಷ್ಟೇ ಗಾಳಿಯನ್ನು ಜೀಪಿಗೂ ತುಂಬಿಸುವ ವಾಡಿಕೆಯುಂಟು. ಗಾಡಿಯ ಕೈಪಿಡಿಯಲ್ಲಿ ಹೇಳಿರುವಷ್ಟನ್ನು, ಟೈರು ತಣ್ಣಗಿರುವಾಗ, ಅಳೆದು ತುಂಬಿಸಬೇಕು. ಆ ಅಳತೆಗಿಂತ ಇಳಿಸುವುದೂ ಸರಿಯಲ್ಲ. ಹೊರೆ ಬಿದ್ದಾಗ ಟೈರಿನ ಪಕ್ಕಗಳು ಕೆಡುತ್ತವೆ.

ಎರಡನೆಯದು ಶ್ಯಾಕಲ್ ಮತ್ತು ಬುಷ್‌ಗಳು. ಹಳೆಯ ಜೀಪುಗಳಲ್ಲಿ ಗ್ರೀಸ್ ತುಂಬುವ ನಿಪ್ಪಲುಗಳಿದ್ದರೆ, ಒಳಗಿನ ಕೆಸರು ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಗನ್ನಿನಿಂದ ಒತ್ತಬೇಕು. ರಬ್ಬರಿನ ಬುಷ್‌ಗಳಿಗೆ ಸಾಮಾನ್ಯ ಗ್ರೀಸನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಹಚ್ಚಕೂಡದು. ರಬ್ಬರು ಉಬ್ಬಿ ಹಾಳಾಗುತ್ತದೆ. ಸವೆದವುಗಳನ್ನು ಬದಲಾಯಿಸಿ, ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಅವುಗಳ ಬೋಲ್ಟುಗಳನ್ನು ಕೊನೆಯ ಬಿಗಿತಕ್ಕೆ ತರತಕ್ಕದ್ದು. ಗಾಡಿಯನ್ನು ಎತ್ತಿಟ್ಟಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುವುದು.

ಮೂರನೆಯದು ಪ್ಲೇಟುಗಳ ಶುದ್ಧಿ. ಮುಂಗಾರಿನ ನಾಲ್ಕು ತಿಂಗಳು ಕೆಸರುನೀರು ಪ್ಲೇಟುಗಳ ನಡುವೆ ಸೇರಿ ತುಕ್ಕು ಹಿಡಿಸುತ್ತದೆ. ಕಟ್ಟನ್ನು ಬಿಚ್ಚಿ, ಪ್ರತಿಯೊಂದು ಪ್ಲೇಟನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಬಿರುಕುಗಳಿವೆಯೇ ಎಂದು ನೋಡಿ, ಗ್ರಾಫೈಟ್ ಸವರಿ ಮರಳಿ ಜೋಡಿಸಬೇಕು. ಬಿಚ್ಚುವಾಗ ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಇಡಬೇಕೇ ಹೊರತು, ಕೇವಲ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಕೂಡದು. ಸೆಂಟರ್ ಬೋಲ್ಟನ್ನು ಸಡಿಲಿಸುವ ಮೊದಲು ಕಟ್ಟನ್ನು ಕ್ಲಾಂಪಿನಿಂದ ಬಿಗಿದಿಡಬೇಕು. ಇಲ್ಲವಾದರೆ ಪ್ಲೇಟುಗಳು ಒಮ್ಮೆಲೇ ಚಿಮ್ಮಿ ಗಾಯಮಾಡುತ್ತವೆ.

ನಾಲ್ಕನೆಯದು ಶಾಕ್ ಅಬ್ಸಾರ್ಬರುಗಳು. ತುಕ್ಕಿನ ಹಿಡಿತವಿದ್ದಾಗ ಗಾಡಿಯ ತೂಗಾಟವನ್ನು ಅದೇ ತಡೆಯುತ್ತಿರುತ್ತದೆ. ಹಿಡಿತ ಹೋದ ಬಳಿಕ ಆ ಕೆಲಸವೆಲ್ಲ ಇವುಗಳ ಮೇಲೆ ಬೀಳುವುದು. ಎಣ್ಣೆ ಸೋರುತ್ತಿರುವ ಶಾಕ್‌ಗಳನ್ನು ಹಾಗೆಯೇ ಬಿಟ್ಟರೆ ಗಾಡಿ ಮೆದುವಾಗದೆ ಓಲಾಡತೊಡಗುತ್ತದೆ.

ಪ್ಲೇಟನ್ನು ತೆಗೆಯುವ ವಿಚಾರ

ಇಷ್ಟೆಲ್ಲ ಮಾಡಿದ ಮೇಲೂ ಗಡಸು ಉಳಿದರೆ ಮಾತ್ರ ಪ್ಲೇಟಿನ ಯೋಚನೆ ಬರಬೇಕು. ಒಂದೇ ದಪ್ಪದ ಐದು ಪ್ಲೇಟುಗಳ ಕಟ್ಟಿನಿಂದ ಒಂದನ್ನು ತೆಗೆದರೆ ಗಡಸು ಸುಮಾರು ಐದರಲ್ಲೊಂದು ಪಾಲು ಇಳಿಯುತ್ತದೆ. ಆದರೆ ಐದು ಪ್ಲೇಟುಗಳು ಹೊರುತ್ತಿದ್ದುದನ್ನು ಇನ್ನು ನಾಲ್ಕೇ ಹೊರಬೇಕು. ಒಂದೊಂದರ ಮೇಲೂ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚು ಒತ್ತಡ ಬೀಳುವುದು. ಯಾವ ಹೊರೆಗೆ ಸ್ಪ್ರಿಂಗು ನಾಲ್ಕು ಅಂಗುಲ ತಗ್ಗುತ್ತಿತ್ತೋ ಅದೇ ಹೊರೆಗೆ ಈಗ ಐದು ಅಂಗುಲ ತಗ್ಗುವುದು. ಆ ಒಂದು ಅಂಗುಲದಲ್ಲಿ ಅಚ್ಚು ಮೇಲಿನ ರಬ್ಬರಿನ ತಡೆಗೆ ಬಡಿಯತೊಡಗಿದರೆ, ಮೆದುವಾಗಲೆಂದು ಮಾಡಿದ ಗಾಡಿಯು ಹೊರೆಯ ಕಾಲದಲ್ಲಿ ಮೊದಲಿಗಿಂತಲೂ ಗಡಸಾಗುತ್ತದೆ. ತಿರುವುಗಳಲ್ಲಿ ಮೈ ವಾಲುವುದೂ ಹೆಚ್ಚು. ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು ಇರುವ ದಾರಿಯಲ್ಲಿ, ಹಿಂದೆ ಆಳುಗಳನ್ನು ಕೂಡಿಸಿಕೊಂಡು ಬರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಪ್ಲೇಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಗಡಸು ದಪ್ಪದ ಘನದಂತೆ ಏರುವುದರಿಂದ, ಆರು ಮಿಲಿಮೀಟರಿನ ಪ್ಲೇಟಿಗಿಂತ ಏಳು ಮಿಲಿಮೀಟರಿನದು ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಗಡಸು. ಹಳೆಯ ಗಾಡಿಗೆ ಹಿಂದೆ ಯಾರೋ ದಪ್ಪ ಪ್ಲೇಟುಗಳನ್ನು ಸೇರಿಸಿದ್ದರೆ, ಅವುಗಳನ್ನು ತೆಗೆದು ಕಂಪೆನಿಯ ಮೂಲ ಅಳತೆಯವನ್ನು ಹಾಕಿಸುವುದೇ ಸರಿಯಾದ ಪರಿಹಾರ.

ಖಾಲಿಯಾಗಿಯೇ ಹೆಚ್ಚು ಓಡುವ ಗಾಡಿಯಿಂದ ಒಂದು ಪ್ಲೇಟನ್ನು ತೆಗೆಯಲೇಬೇಕೆಂದಿದ್ದರೆ, ಮೇನ್ ಪ್ಲೇಟನ್ನೂ ಅದಕ್ಕೆ ಆತುಕೊಂಡಿರುವ ಎರಡನೆಯ ಪ್ಲೇಟನ್ನೂ ಮುಟ್ಟಕೂಡದು. ಒಂದೇ ಅಚ್ಚಿನ ಎಡಬಲಗಳೆರಡರಿಂದಲೂ ಸಮನಾದುದನ್ನೇ ತೆಗೆಯಬೇಕು. ಯೂ ಬೋಲ್ಟುಗಳನ್ನು ಹೊಸದಾಗಿ ಹಾಕಿ, ಸುಮಾರು ನೂರು ಕಿಲೋಮೀಟರು ಓಡಿದ ಬಳಿಕ ಮತ್ತೊಮ್ಮೆ ಬಿಗಿಯತಕ್ಕದ್ದು. ತೆಗೆದ ಪ್ಲೇಟುಗಳನ್ನು ಮಾರದೆ, ಎಣ್ಣೆ ಹಚ್ಚಿ, ಗುರುತು ಬರೆದು ಇಟ್ಟುಕೊಂಡು, ಹೊರೆಯ ಕಾಲಕ್ಕೆ ಮೊದಲು ಮರಳಿ ಹಾಕಿಸಬೇಕು. ಮಾರ್ಪಾಡು ಮಾಡಿದ ಗಾಡಿಗೆ ಎಷ್ಟು ಹೊರೆ ಸಲ್ಲುವುದೆಂದು ಚಾಲಕನಿಗೆ ಸ್ಪಷ್ಟವಾಗಿ ತಿಳಿಸಿರಬೇಕು.

ಕುಲುಮೆಯಲ್ಲಿ ಪ್ಲೇಟುಗಳನ್ನು ಕಾಯಿಸಿ ಬಡಿದು ಬಾಗು ಇಳಿಸುವುದು, ಮುರಿದುದನ್ನು ವೆಲ್ಡ್ ಮಾಡಿಸುವುದು ಇವೆರಡೂ ಅಪಾಯಕರ. ಸ್ಪ್ರಿಂಗಿನ ಉಕ್ಕಿಗೆ ಬಲ ಬಂದಿರುವುದು ಅದಕ್ಕೆ ಕೊಟ್ಟಿರುವ ಹದದಿಂದ. ಅಂದಾಜಿನ ಕಾವಿನಲ್ಲಿ ಆ ಹದ ಹೋಗುತ್ತದೆ. ಪ್ಯಾರಬೋಲಿಕ್ ಎಂಬ ಬೇರೆ ಬಗೆಯ ಸ್ಪ್ರಿಂಗುಗಳೂ ಉಂಟು. ಇವುಗಳ ಪ್ಲೇಟುಗಳು ನಡುವೆ ದಪ್ಪ, ತುದಿಗೆ ತೆಳು, ಸಂಖ್ಯೆಯಲ್ಲಿ ಕಡಮೆ. ಒಂದಕ್ಕೊಂದು ಉದ್ದಕ್ಕೂ ತಾಗದಿರುವುದರಿಂದ ಉಜ್ಜಾಟವೂ ಕಡಮೆ. ಆ ಗಾಡಿಗೆ ಮತ್ತು ಆ ಹೊರೆಗೆ ಹೊಂದುವಂತಹದು ಸಿಕ್ಕಿದರೆ ಮಾತ್ರ ಇವನ್ನು ಕೊಳ್ಳುವುದು ಉಚಿತ. ಗಾಡಿಯ ಮೂಲ ವಿವರಗಳು ಬದಲಾಗುವಂತಹ ಮಾರ್ಪಾಡುಗಳು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೆ ಒಳಪಡುವುದರಿಂದ, ಕೆಲಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ತಕ್ಕ ಕಾಲ

ಮಳೆ ಹಿಂದೆಗೆದು ಅರೇಬಿಕಾ ಕೊಯ್ಲು ಆರಂಭವಾಗುವುದರೊಳಗಿನ ದಿನಗಳೇ ಈ ಕೆಲಸಕ್ಕೆ ಅನುಕೂಲವಾದ ಕಾಲ. ಆಗ ತುಕ್ಕು ಹೊಸದಾಗಿರುತ್ತದೆ. ಮೂಟೆಗಳು ಇನ್ನೂ ಹೇರಲ್ಪಟ್ಟಿರುವುದಿಲ್ಲ. ಇದೇ ದಿನಗಳಲ್ಲಿ ಗ್ರಾಮದ ಮುಖಂಡರು ನೆರೆಹೊರೆಯ ತೋಟದವರನ್ನು ಸೇರಿಸಿ ದಾರಿಯ ಚರಂಡಿಗಳನ್ನು ಬಿಡಿಸಿ, ಮಳೆ ಕೊರೆದ ಗುಂಡಿಗಳಿಗೆ ಕಲ್ಲು ಜಲ್ಲಿ ತುಂಬಿಸಿದರೆ ಆ ದಾರಿಯ ಗಾಡಿಗಳೆಲ್ಲಕ್ಕೂ ಒಟ್ಟಿಗೆ ಉಪಕಾರವಾಗುವುದು. ಕೊಯ್ಲು ಮುಗಿಯುವವರೆಗೆ ವಾರಕ್ಕೊಮ್ಮೆ ಯೂ ಬೋಲ್ಟುಗಳ ಬಿಗಿತವನ್ನೂ ಮೇನ್ ಪ್ಲೇಟಿನ ಕಣ್ಣುಗಳನ್ನೂ ನೋಡುತ್ತಿರುವಂತೆ ಚಾಲಕನಿಗೆ ಆಜ್ಞೆ ಮಾಡಿರತಕ್ಕದ್ದು.