ಹಳೆಯ ಕಾರಿಗೆ ಹೊಸ ಗುಂಡಿಗೆ

ವಾರದ ಸಂತೆಯೇ ಊರಿನ ಹೆಸರಾಗಿ ನಿಂತ ಜಾಗ ಶನಿವಾರಸಂತೆ. ಕೊಡಗಿನ ಉತ್ತರದ ಅಂಚಿನಲ್ಲಿರುವ ಈ ಊರಿನವರು ಜಿಲ್ಲಾ ಕೇಂದ್ರವಾದ ಮಡಿಕೇರಿಗೆ ಹೋಗಬೇಕೆಂದರೆ ಸೋಮವಾರಪೇಟೆ, ಮಾದಾಪುರಗಳನ್ನು ಹಾದು ಏರು, ಇಳಿಜಾರು, ತಿರುವುಗಳನ್ನೆಲ್ಲ ಲೆಕ್ಕ ಹಾಕುತ್ತ ಸಾಗಬೇಕು. ಕೊಡಗಿನೊಳಗೆ ರೈಲು ಇಲ್ಲ. ಕಾಫಿ ಮೂಟೆಯಾಗಲಿ, ಬಾಣಂತಿಯಾಗಲಿ, ಮದುವೆ ದಿಬ್ಬಣವಾಗಲಿ, ಎಲ್ಲವೂ ರಸ್ತೆಯ ಮೇಲೆಯೇ ಹೋಗಬೇಕು. ಮಳೆಗಾಲದ ನಾಲ್ಕು ತಿಂಗಳು ಆ ರಸ್ತೆಯೂ ಸುಖದ್ದಲ್ಲ. ಹೀಗಿರುವಾಗ ಇಲ್ಲಿನ ಮನೆಗಳಲ್ಲಿ ಗಾಡಿಯ ಎಂಜಿನ್ ಬಗ್ಗೆ ಮಾತು ಬಂದರೆ ಅದು ಬರೀ ಷೋಕಿಯ ಮಾತಲ್ಲ.

ಮಲೆನಾಡಿನ ಹಲವು ಮನೆಗಳ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ಟಾರ್ಪಾಲು ಹೊದ್ದ ಹಳೆಯ ಫಿಯೆಟ್ಟು, ಅಂಬಾಸಿಡರು ಇಲ್ಲವೇ ಜೀಪು ಇನ್ನೂ ಉಳಿದಿದೆ. ಅಪ್ಪ ಕೊಂಡದ್ದು, ಅಜ್ಜ ಓಡಿಸಿದ್ದು ಎಂಬ ಮಮಕಾರ ಅದನ್ನು ಗುಜರಿಗೆ ಹಾಕಲು ಬಿಡುವುದಿಲ್ಲ. ಆದರೆ ಓಡಿಸಲು ಹೊರಟರೆ ಮೊದಲ ಏರಿನಲ್ಲೇ ಏದುಸಿರು. ಆಗ ಮನೆಯ ಹುಡುಗರಿಗೆ ಹೊಳೆಯುವ ಉಪಾಯ ಒಂದೇ: ‘ದೊಡ್ಡ ಎಂಜಿನ್ ಕೂರಿಸಿಬಿಡೋಣ.’ ಉಪಾಯ ಹಳೆಯದು. ಅದರ ಹಿಂದೆ ಒಂದು ಚರಿತ್ರೆಯಿದೆ, ಮುಂದೆ ಒಂದು ಕಾನೂನಿದೆ, ನಡುವೆ ಒಂದಿಷ್ಟು ಭೌತಶಾಸ್ತ್ರವಿದೆ.

ಏರಿನ ಲೆಕ್ಕ

ಮೊದಲು ಏದುಸಿರಿನ ಕಾರಣ ನೋಡೋಣ. ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಫಿಯೆಟ್ 1100 ಕಾರಿನ ಎಂಜಿನ್ 1089 ಸಿ.ಸಿ.ಯದು, ಶಕ್ತಿ ಸುಮಾರು 40 ಅಶ್ವಶಕ್ತಿ. ಇದು ಸಮುದ್ರಮಟ್ಟದ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಿಲಿಂಡರಿನೊಳಕ್ಕೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಸಾಮಾನ್ಯ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಉಳಿದದ್ದರಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲುಗಳು ತಮ್ಮ ಸುಂಕ ವಸೂಲು ಮಾಡುತ್ತವೆ. ಕೊನೆಗೆ ಗಾಲಿಗೆ ತಲಪುವುದು 30 ಅಶ್ವಶಕ್ತಿಯ ಆಸುಪಾಸು. ಅದೂ ಎಂಜಿನ್ ಪೂರ್ತಿ ವೇಗದಲ್ಲಿ ಕಿರುಚುತ್ತಿರುವಾಗ ಮಾತ್ರ.

ಇನ್ನು ಭಾರ. ಸುಮಾರು 900 ಕಿಲೋ ತೂಕದ ಕಾರಿನಲ್ಲಿ ಐದು ಜನ ಕುಳಿತರೆ 1200 ಕಿಲೋ ಆಯಿತು. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಇಷ್ಟು ಭಾರವನ್ನು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎಳೆಯಲು ಸುಮಾರು 20 ಅಶ್ವಶಕ್ತಿ ಬೇಕು. ವೇಗವನ್ನು 60ಕ್ಕೆ ಏರಿಸಿದರೆ 30ಕ್ಕೂ ಹೆಚ್ಚು ಬೇಕು. ಅಷ್ಟು ಆ ಎಂಜಿನ್ನಿನಲ್ಲಿ ಇಲ್ಲವೇ ಇಲ್ಲ. ಬಯಲುಸೀಮೆಯಲ್ಲಿ ಹಾಯಾಗಿ ಓಡುವ ಕಾರು ಕೊಡಗಿಗೆ ಬಂದ ಕೂಡಲೆ ಎರಡನೇ ಗೇರಿಗೆ ಇಳಿಯುವುದು ಅದರ ಸೋಮಾರಿತನದಿಂದಲ್ಲ, ಲೆಕ್ಕವೇ ಹಾಗಿದೆ.

ಕಾರ್ಖಾನೆಯೇ ಮಾಡಿದ ಕಸಿ

ಎಂಜಿನ್ ಬದಲಾಯಿಸುವ ಈ ಕಸಿಯನ್ನು ಬೀದಿಬದಿಯ ಮೇಸ್ತ್ರಿಗಳಷ್ಟೇ ಅಲ್ಲ, ದೊಡ್ಡ ಕಾರ್ಖಾನೆಗಳೂ ಮಾಡಿವೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿದ ಅಂಬಾಸಿಡರ್ ದಶಕಗಳ ಕಾಲ 1489 ಸಿ.ಸಿ. ಎಂಜಿನ್ನಿನಲ್ಲೇ ಓಡಿತು. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1984ರಲ್ಲಿ ಕಾಂಟೆಸಾ ಎಂಬ ದೊಡ್ಡ ಕಾರನ್ನು ಹೊರತಂದಾಗ ಅದಕ್ಕೂ ಇದೇ ಎಂಜಿನ್ ಹಾಕಿತು. ನೋಡಲು ಗಜಗಾತ್ರದ ಕಾರು, ಎಳೆಯಲು 50 ಅಶ್ವಶಕ್ತಿ! ಆನೆಗೆ ಕರುವಿನ ಕಾಲು ಕಟ್ಟಿದಂತಾಯಿತು. ಕೆಲವೇ ವರ್ಷಗಳಲ್ಲಿ ಸಂಸ್ಥೆ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನ್ನನ್ನು ಕಾಂಟೆಸಾಕ್ಕೆ ಕೂರಿಸಿತು. 1992ರಲ್ಲಿ ಅದೇ ಇಸುಜು ಎಂಜಿನ್ ಅಂಬಾಸಿಡರಿಗೂ ಬಂತು. ಐವತ್ತರ ದಶಕದ ಒಡಲಿಗೆ 75 ಅಶ್ವಶಕ್ತಿಯ ಗುಂಡಿಗೆ. ಅದರ ಜೊತೆಗೆ ಐದು ಗೇರಿನ ಹೊಸ ಪೆಟ್ಟಿಗೆಯೂ ಬಂದು, ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರಿನ ಕೋಲು ನೆಲಕ್ಕೆ ಇಳಿಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು.

ಫಿಯೆಟ್ಟಿನ ಕಥೆ ಕೊಂಚ ಬೇರೆ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಸಂಸ್ಥೆ ಎಂಬತ್ತರ ದಶಕದ ಮಧ್ಯದಲ್ಲಿ 118 ಎನ್‌ಇ ಎಂಬ ಕಾರನ್ನು ತಂದಿತು. ಒಡಲು ಇಟಲಿಯ ಫಿಯೆಟ್ 124ರದು, ಎಂಜಿನ್ ಜಪಾನಿನ ನಿಸಾನ್ ಕಂಪನಿಯ 1171 ಸಿ.ಸಿ.ಯದು, ಶಕ್ತಿ 52 ಅಶ್ವಶಕ್ತಿ. ಪದ್ಮಿನಿಯಂತೆ ಇದರಲ್ಲೂ ಎಂಜಿನ್ ಮುಂದೆ, ಎಳೆಯುವ ಗಾಲಿ ಹಿಂದೆ. ಹಾಗಾಗಿ ಅಪಘಾತಕ್ಕೆ ಸಿಕ್ಕಿದ 118 ಎನ್‌ಇ ಗುಜರಿಗೆ ಬಂದಾಗ ಅದರ ಎಂಜಿನ್ನು, ಗೇರ್‌ಬಾಕ್ಸುಗಳು ಪದ್ಮಿನಿಯ ಹೊಟ್ಟೆ ಸೇರುವುದು ಮೇಸ್ತ್ರಿಗಳಿಗೆ ಸಹಜವಾದ ದಾರಿಯಾಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಂಜಿನ್ ಹೀಗೆ ಕೂರುವಂಥದ್ದಲ್ಲ. ಅದು ಅಡ್ಡಡ್ಡ ಮಲಗಿ ಮುಂದಿನ ಗಾಲಿಯನ್ನು ತಿರುಗಿಸುವ ಬೇರೆ ಜಾತಿ. ಕಸಿ ಹಿಡಿಯಬೇಕಾದರೆ ಜಾತಿ ಹೊಂದಬೇಕು ಎಂಬ ತೋಟದ ನಿಯಮ ಇಲ್ಲಿಯೂ ನಿಜ.

ಈ ಕಸಿಯ ಹಿಂದೆ ಆ ಕಾಲದ ಅರ್ಥಶಾಸ್ತ್ರವೂ ಇತ್ತು. ಪರವಾನಗಿಗಳ ರಾಜ್ಯದಲ್ಲಿ ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆರಿಸಲು ಇದ್ದದ್ದೇ ಎರಡೋ ಮೂರೋ ಮಾದರಿ. ಇದ್ದ ಗಾಡಿಯನ್ನೇ ಬಿಚ್ಚಿ, ಕಟ್ಟಿ, ಬದಲಾಯಿಸಿ ಬಾಳಿಸುವುದು ಅನಿವಾರ್ಯವಾಗಿತ್ತು. ಕಾಫಿ ತೋಟಗಳ ಜೀಪುಗಳಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ತಾಳಿತು. ವಿಲ್ಲಿಸ್ ಮಾದರಿಯ ಜೀಪಿನ ಪೆಟ್ರೋಲ್ ಎಂಜಿನ್ 2.2 ಲೀಟರಿನದು, ಬಲಕ್ಕೆ ಕೊರತೆಯಿರಲಿಲ್ಲ, ಆದರೆ ಪೆಟ್ರೋಲು ಕುಡಿಯುವುದರಲ್ಲೂ ಹಿಂದೆ ಬೀಳುತ್ತಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಾಗ ಡೀಸೆಲ್ ಎಂಜಿನ್ನುಗಳು ಜೀಪಿನ ಒಡಲು ಸೇರಿದವು. ಅಶ್ವಶಕ್ತಿಯ ಲೆಕ್ಕದಲ್ಲಿ ಅವು ಹೆಚ್ಚಿನವಲ್ಲ. ಆದರೆ ನಿಧಾನವಾಗಿ ತಿರುಗುವಾಗಲೇ ಬಲವಾಗಿ ತಿರುಚುವ ಗುಣ ಅವಕ್ಕಿದೆ. ಕೆಸರಿನ ತೋಟದ ದಾರಿಯಲ್ಲಿ ಗೊಬ್ಬರದ ಮೂಟೆ ಎಳೆಯಲು ಬೇಕಾದದ್ದು ಆ ತಿರುಚುಬಲವೇ ಹೊರತು ಓಟವಲ್ಲ. ‘ಶಕ್ತಿಶಾಲಿ ಎಂಜಿನ್’ ಎಂಬ ಮಾತಿಗೆ ಒಂದೇ ಅರ್ಥವಿಲ್ಲ ಎಂಬುದನ್ನು ತೋಟದ ಜೀಪುಗಳು ತೋರಿಸಿಕೊಟ್ಟವು.

ಎಂಜಿನ್ ಒಂಟಿಯಾಗಿ ಬರುವುದಿಲ್ಲ

ಎಂಜಿನ್ ಇಳಿಸಿ ಎಂಜಿನ್ ಏರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಹೊಸ ಎಂಜಿನ್ನಿನ ಕಾಲುಗಳು ಹಳೆಯ ಚೌಕಟ್ಟಿನ ತೂತಿಗೆ ಕೂರುವುದಿಲ್ಲ. ಹೊಸ ಆಧಾರಗಳನ್ನು ಬೆಸೆಯಬೇಕು. ಗೇರ್‌ಬಾಕ್ಸಿನ ಉದ್ದ ಬದಲಾದರೆ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಷಾಫ್ಟನ್ನು ಕತ್ತರಿಸಿಯೋ ಸೇರಿಸಿಯೋ ಸರಿಮಾಡಬೇಕು. ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಗಾಡಿಯೆಲ್ಲ ನಡುಗುತ್ತದೆ. ಹೆಚ್ಚು ಶಕ್ತಿಯೆಂದರೆ ಹೆಚ್ಚು ಶಾಖ. ಹಳೆಯ ರೇಡಿಯೇಟರು ಅದನ್ನು ತಾಳದು. ಎಂಜಿನ್ನಿನ ತೂಕ ಹೆಚ್ಚಿದರೆ ಮುಂದಿನ ಸ್ಪ್ರಿಂಗುಗಳು ಕುಸಿಯುತ್ತವೆ, ಸ್ಟೀರಿಂಗು ಭಾರವಾಗುತ್ತದೆ. ಹಳೆಯ ಎಂಜಿನ್ನಿನ ವೇಗಕ್ಕೆ ಹೊಂದಿಸಿದ ಡಿಫರೆನ್ಷಿಯಲ್ಲಿನ ಹಲ್ಲುಗಳು ಹೊಸದಕ್ಕೆ ಹೊಂದದೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಓಡುವ ಗಾಡಿಯಲ್ಲಿರುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 60 ಕಿಲೋಮೀಟರಿನಲ್ಲಿ ಓಡುತ್ತಿದ್ದ ಕಾರು 80ರಲ್ಲಿ ಓಡಿದರೆ ವೇಗ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚಿದ್ದು ಮುಕ್ಕಾಲು ಪಾಲಿಗಿಂತ ಜಾಸ್ತಿ. ಇಳಿಜಾರಿನಲ್ಲಿ ಕಥೆ ಇನ್ನೂ ಕಠಿಣ. 1200 ಕಿಲೋದ ಗಾಡಿ 500 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 17 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಗೇರಿನಲ್ಲಿ ಹಿಡಿದು ಇಳಿಸದಿದ್ದರೆ ಆ ಕಾವೆಲ್ಲ ಬ್ರೇಕಿಗೇ ಹೋಗಬೇಕು. ಪದ್ಮಿನಿಯ ನಾಲ್ಕೂ ಗಾಲಿಗಳಲ್ಲಿದ್ದದ್ದು ಡ್ರಮ್ ಬ್ರೇಕು. ಮುಚ್ಚಿದ ಡ್ರಮ್ಮಿನೊಳಗೆ ಕಾವು ಬೇಗ ಆರುವುದಿಲ್ಲ. ಕಾದಷ್ಟೂ ಹಿಡಿತ ಸಡಿಲವಾಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿದವರಿಗೆ ಆ ಸುಟ್ಟ ವಾಸನೆಯ ಪರಿಚಯ ಇದ್ದೇ ಇರುತ್ತದೆ. ಹತ್ತಿಸಲು ಎಂಜಿನ್ ಇದ್ದರೆ ಸಾಲದು, ಇಳಿಸಲು ಬ್ರೇಕೂ ಬೇಕು.

ಈ ಪಾಠವನ್ನು ಜಗತ್ತಿಗೆ ಚೆನ್ನಾಗಿ ಕಲಿಸಿದ್ದು ಇಂಗ್ಲೆಂಡಿನ ಪುಟ್ಟ ಕಾರು ಮಿನಿ. 1959ರಲ್ಲಿ ಅದು ಬಂದಾಗ 848 ಸಿ.ಸಿ., 34 ಅಶ್ವಶಕ್ತಿ. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಕೈಯಾಡಿಸಿದ ಮೇಲೆ, 1961ರ ಮಿನಿ ಕೂಪರ್ 997 ಸಿ.ಸಿ.ಯಲ್ಲಿ 55 ಅಶ್ವಶಕ್ತಿ ಕೊಟ್ಟಿತು. ಆದರೆ ಅದೇ ದಿನ ಅದರ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕುಗಳೂ ಬಂದವು. ಅದರ ಇನ್ನೂ ಬಲವಾದ ತಮ್ಮ ಮಿನಿ ಕೂಪರ್ ಎಸ್, ಆಲ್ಪ್ಸ್ ಪರ್ವತಗಳ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದಿತು. ಏರಿಗೆ ಎಂಜಿನ್ನನ್ನೂ ಇಳಿಜಾರಿಗೆ ಬ್ರೇಕನ್ನೂ ಒಟ್ಟಿಗೆ ಯೋಚಿಸಿದ್ದರ ಫಲ ಅದು.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಮೊದಲಿಗೆ ಇದಕ್ಕೊಂದು ಬಾಗಿಲು ಇಟ್ಟಿತ್ತು. ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಬಹುದಿತ್ತು. 2000ದ ತಿದ್ದುಪಡಿ ಆ ಬಾಗಿಲನ್ನು ಕಿರಿದು ಮಾಡಿತು: ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣದಂಥ ಸಣ್ಣ ಬದಲಾವಣೆಗೆ ಅಡ್ಡಿಯಿಲ್ಲ, ಮೂಲ ವಿನ್ಯಾಸಕ್ಕೆ ಕೈಹಾಕುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಸವೆದ ಎಂಜಿನ್ನಿನ ಜಾಗದಲ್ಲಿ ಅದೇ ಬಗೆಯ ಇನ್ನೊಂದನ್ನು ಹಾಕುವುದು ಬೇರೆ ಮಾತು. ಅದಕ್ಕೂ ಒಪ್ಪಿಗೆ ಬೇಕು, ಹೊಸ ಎಂಜಿನ್ನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗಳಿಗೆ ಬದಲಾಯಿಸಲು ಅನುಮೋದಿತ ಕಿಟ್ಟುಗಳ ಮೂಲಕ ಕಾನೂನೇ ದಾರಿ ಬಿಟ್ಟಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಶನಿವಾರಸಂತೆಯ ಕಾರು ಆಗ ಮಡಿಕೇರಿಯ ಸಾರಿಗೆ ಕಚೇರಿಯ ಮುಂದೆ ನಿಂತು, ಬಾನೆಟ್ ತೆರೆದು ತನ್ನ ಸಂಖ್ಯೆಗಳನ್ನು ತೋರಿಸಲೇಬೇಕು. ಅದಕ್ಕೂ ಮೊದಲೇ ಅಪಘಾತವೇನಾದರೂ ಆದರೆ, ಹೇಳದೆ ಬದಲಾಯಿಸಿದ ಎಂಜಿನ್ ವಿಮೆಯ ಹಣಕ್ಕೇ ಕುತ್ತಾಗಬಹುದು. ದಂಡಕ್ಕಿಂತ ಇದು ದೊಡ್ಡ ಪೆಟ್ಟು. ಗಾಯಗೊಂಡವನು ದಾರಿಹೋಕನಾದರಂತೂ ಆ ಪೆಟ್ಟು ಎರಡು ಮನೆಗಳಿಗೆ ಬೀಳುತ್ತದೆ.

ಹಾಗಾದರೆ ಶೆಡ್ಡಿನಲ್ಲಿರುವ ಅಜ್ಜನ ಫಿಯೆಟ್ಟಿಗೆ ಗತಿಯೇನು? ಮೂಲ ಎಂಜಿನ್ನನ್ನೇ ಬಿಚ್ಚಿ, ಸಿಲಿಂಡರುಗಳನ್ನು ಕೊರೆಸಿ, ಹೊಸ ಪಿಸ್ಟನ್ನು, ರಿಂಗುಗಳನ್ನು ಹಾಕಿಸಿದರೆ ಅದು ಹುಟ್ಟಿದಾಗಿನ 40 ಅಶ್ವಶಕ್ತಿಯನ್ನಾದರೂ ಮರಳಿ ಪಡೆಯುತ್ತದೆ. ಕಾರ್ಬ್ಯುರೇಟರನ್ನು ಎತ್ತರದ ಗಾಳಿಗೆ ತಕ್ಕಂತೆ ಹೊಂದಿಸಿದರೆ ಉಸಿರಾಟ ಕೊಂಚ ಸರಾಗವಾಗುತ್ತದೆ. ಎಷ್ಟೋ ಸಲ ‘ಎಳೆಯುವುದಿಲ್ಲ’ ಎಂಬ ದೂರಿನ ಹಿಂದಿರುವುದು ಎಂಜಿನ್ನಿನ ಗಾತ್ರವಲ್ಲ, ಸವೆದ ರಿಂಗು, ಜಾರುವ ಕ್ಲಚ್ಚು, ಬಿಗಿದುಕೊಂಡ ಬ್ರೇಕು.

ಉಳಿದದ್ದು ಓಡಿಸುವವನ ತಾಳ್ಮೆ. ಆ ಕಾರನ್ನು ಕೊಂಡ ಕಾಲದವರು ಏರು ಬಂದರೆ ಗೇರು ಇಳಿಸುತ್ತಿದ್ದರು, ಎಂಜಿನ್ ಕಾದರೆ ಮರದ ನೆರಳಲ್ಲಿ ನಿಲ್ಲಿಸಿ ತಣಿಯುವವರೆಗೆ ಕಾಯುತ್ತಿದ್ದರು, ಏರಿದ ಗೇರಿನಲ್ಲೇ ಇಳಿಯುತ್ತಿದ್ದರು. ಶನಿವಾರದ ಸಂತೆಗೆ ಹೊರಟವರು ನಿಧಾನವಾಗಿಯಾದರೂ ಸಂತೆಗೆ ತಲಪುತ್ತಿದ್ದರು, ಕತ್ತಲಾಗುವ ಮುಂಚೆ ಮನೆಗೂ ತಲಪುತ್ತಿದ್ದರು.