ಅಟ್ಟದ ಮ್ಯಾಲಿನ ಬಂದೂಕು: ಭಂಗಾರವೋ, ಬಂಗಾರವೋ?

ದಂಡೋತಿ: ಕಾಗಿಣಾ ದಂಡೆಯ ಊರುಗಳಲ್ಲಿ ಹಳೆ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ಭರಾಟೆ ಇನ್ನೂ ನಿಂತಿಲ್ಲ. ಮಣ್ಣಿನ ಮಾಳಿಗೆ ಇಳಿಸುವಾಗ ತೊಲೆ ಸಂದಿಯಿಂದ ತಾಮ್ರದ ತಂಬಿಗೆ ಬರುತ್ತದೆ, ಉರ್ದು ಕಾಗದ ಬರುತ್ತದೆ, ಅಪರೂಪಕ್ಕೊಮ್ಮೆ ತುಕ್ಕು ತಿಂದ ಬಂದೂಕೂ ಬರುತ್ತದೆ. ಸುದ್ದಿ ಕೂಡಲೇ ಬಸ್ಸು ಹತ್ತುತ್ತದೆ. "ಮುತ್ಯಾನ ಕಾಲದ್ದು ಅದರಿ, ನಿಜಾಮನ ಫೌಜಿಂದು. ಲಕ್ಷಗಟ್ಟಲೆ ಬರ್ತದಂತ" ಎನ್ನುತ್ತಾನೆ ಒಬ್ಬ. "ಸುಮ್ನ ಭಂಗಾರದವನಿಗೆ ಹಾಕ್ರಿ, ತೂಕಕ್ಕ ಬಂದಷ್ಟು ಬರ್ಲಿ" ಎನ್ನುತ್ತಾನೆ ಇನ್ನೊಬ್ಬ. ಚಿತ್ತಾಪುರ ಮುಟ್ಟುವುದರೊಳಗೆ ಬೆಲೆ ಹತ್ತು ಪಟ್ಟು ಏರಿ, ಹತ್ತು ಪಟ್ಟು ಇಳಿದಿರುತ್ತದೆ.

ಇಬ್ಬರ ಲೆಕ್ಕವೂ ತಪ್ಪು. ಹಳೆ ಫೌಜಿ ಬಂದೂಕಿನ ಬೆಲೆ ಕಬ್ಬಿಣದ ತೂಕದಲ್ಲಿಲ್ಲ, ಹೇಳುವವನ ಕಥೆಯಲ್ಲೂ ಇಲ್ಲ. ಅದರ ಮೈಮೇಲಿನ ಗುರುತು ಮತ್ತು ಮಾಲೀಕನ ಕೈಯಲ್ಲಿರುವ ಕಾಗದ, ಈ ಎರಡರಲ್ಲಿದೆ. ಎರಡರಲ್ಲಿ ಒಂದು ತಪ್ಪಿದರೂ ರೊಕ್ಕ ಹೋಗುತ್ತದೆ. ಕಾಗದ ತಪ್ಪಿದರೆ ಮನುಷ್ಯನೇ ಒಳಗೆ ಹೋಗುತ್ತಾನೆ.

ನೂರೈವತ್ತು ರೂಪಾಯಿಯ ತೋಪು

ತೂಕದ ಮೇಲೆ ಬೆಲೆ ಕಟ್ಟುವವರಿಗೆ ವಿಜಯಪುರದ ಮಾಲಿಕ್-ಎ-ಮೈದಾನ್ ತೋಪಿನ ಕಥೆ ಸಾಕು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ಭಾರ. 1854ರಲ್ಲಿ ಸಾತಾರಾದ ಕಮಿಷನರ್ ಸಾಹೇಬರು ವಿಜಾಪುರದ ನಿರುಪಯೋಗಿ ಸಾಮಾನೆಲ್ಲ ಮಾರಿಬಿಡಿ ಎಂದು ಹುಕುಂ ಮಾಡಿದರು. ತೋಪೂ ಹರಾಜಿಗೆ ಬಂತು. ಕೂಗಿದ ಬೆಲೆ 150 ರೂಪಾಯಿ! ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಇಷ್ಟು ದೊಡ್ಡ ತೋಪಿಗೆ ಇಷ್ಟೇ ಏನು ಎಂದು ಅನುಮಾನಪಟ್ಟ ಮಾಮಲೇದಾರರು ಮೇಲಿನವರಿಗೆ ಬರೆದದ್ದರಿಂದ ಮಾರಾಟ ರದ್ದಾಯಿತು. ಇಲ್ಲದಿದ್ದರೆ ಇವತ್ತು ಪ್ರವಾಸಿಗರು ನೋಡಲು ಬರುವ ತೋಪು ಯಾವುದೋ ಭಟ್ಟಿಯಲ್ಲಿ ಕರಗಿ ಹೋಗಿರುತ್ತಿತ್ತು.

ಇನ್ನೊಂದು ಕಡೆಯದೂ ಕೇಳಿ. ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕ ಟಿಪ್ಪು ಸುಲ್ತಾನನ ಬಂದೂಕು 2019ರಲ್ಲಿ 60 ಸಾವಿರ ಪೌಂಡಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮಿಕ್ಕಿ. ಅದೇ ಟಿಪ್ಪುವಿನದೇ ಇನ್ನೊಂದು ಬೇಟೆ ಬಂದೂಕು, 1793-94ರ ಹೊತ್ತಿನದು, ಮಾಡಿದ ಕುಶಲಕರ್ಮಿಯ ಹೆಸರು ಸಹಿತ ಗೊತ್ತಿರುವಂಥದ್ದು. ಅದಕ್ಕೆ 20 ಲಕ್ಷ ಪೌಂಡ್ ಬೆಲೆ ಕಟ್ಟಲಾಗಿತ್ತು. ದೇಶ ಬಿಟ್ಟು ಹೋಗದಂತೆ 2023ರಲ್ಲಿ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಎರಡೂ ಬಂದೂಕೇ, ಒಬ್ಬನೇ ದೊರೆಯದು. ಆದರೂ ಬೆಲೆಯಲ್ಲಿ ಆಕಾಶ-ಭೂಮಿ ಅಂತರ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾರ ಕೈಯಿಂದ ಯಾರ ಕೈಗೆ ಬಂತು, ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ.

ರಾಣಿ ಸತ್ತ ಮೇಲೂ ರಾಣಿ ಮುದ್ರೆ

ತೊಗರಿ ವ್ಯಾಪಾರಿ ಚೀಲದ ಬಾಯಿಯ ಕಾಳು ನೋಡಿ ದರ ಹೇಳುವುದಿಲ್ಲ. ತಳಕ್ಕೆ ಕೈ ಹಾಕಿ ತೆಗೆಯುತ್ತಾನೆ. ಬಂದೂಕಿಗೂ ಅದೇ ನ್ಯಾಯ. ನೋಡಬೇಕಾದ್ದು ಹೊಳಪನ್ನಲ್ಲ, ಮುದ್ರೆಯನ್ನು.

ಬ್ರಿಟಿಷ್ ಫೌಜಿನ ಬಂದೂಕಿನ ಮೇಲೆ ಕಿರೀಟ, ಅದರ ಕೆಳಗೆ ದೊರೆಯ ಹೆಸರಿನ ಅಕ್ಷರ, ವರ್ಷ ಇರುತ್ತವೆ. 'ವಿ.ಆರ್.' ಎಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರಲ್ಲಿ. 'ವಿ.ಆರ್.' ಮುದ್ರೆಯ ಕೆಳಗೆ 1907, 1919 ಎಂದು ವರ್ಷ ಕೆತ್ತಿದ್ದರೆ ತಿಳಿಯಿರಿ, ರಾಣಿ ಸತ್ತಿದ್ದು ಕಮ್ಮಾರನಿಗೆ ಗೊತ್ತಿರಲಿಲ್ಲ! ಖೈಬರ್ ಕಣಿವೆ ಕಡೆಯ ಕಮ್ಮಾರರು ಕೈಯಿಂದಲೇ ಮಾಡಿದ ನಕಲುಗಳಲ್ಲಿ ಇಂಥ ತಪ್ಪು ಸಾಮಾನ್ಯ. 'ಎನ್‌ಫೀಲ್ಡ್' ಎಂಬ ಇಂಗ್ಲಿಷ್ ಹೆಸರಿನ 'ಎನ್' ಅಕ್ಷರ ಅವುಗಳಲ್ಲಿ ಉಲ್ಟಾ ಬಿದ್ದಿರುವುದೂ ಉಂಟು.

ಈಸ್ಟ್ ಇಂಡಿಯಾ ಕಂಪನಿಯ ಬಂದೂಕಾದರೆ, ಹಳೆಯವಕ್ಕೆ ನಾಲ್ಕು ಭಾಗ ಮಾಡಿದ ಹೃದಯದ ಗುರುತು. 1808ರ ಸುಮಾರಿಗೆ ಅದು ಹೋಗಿ ಕಿರೀಟ ಹಿಡಿದು ನಿಂತ ಸಿಂಹ ಬಂತು. 1850ರ ದಶಕದ ಎನ್‌ಫೀಲ್ಡ್ ಕಾಲದ ಬಂದೂಕಿಗೆ ಹೃದಯದ ಮುದ್ರೆ ಇದ್ದರೆ ಅದನ್ನು ಯಾರೋ ಈಚೆಗೆ ಒತ್ತಿದ್ದಾರೆ ಅಂತ ಅರ್ಥ.

'ತ್ರೀ ನಾಟ್ ತ್ರೀ' ರೈಫಲ್ಲಿನಲ್ಲಿ ಬೋಲ್ಟಿನ ಮೇಲಿನ ನಂಬರೂ ಮೈಮೇಲಿನ ನಂಬರೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ನಾಲ್ಕು ಬಂದೂಕು ಬಿಚ್ಚಿ ಒಂದು ಕಟ್ಟಿದ್ದು. 'ಆರ್.ಎಫ್.ಐ.' ಎಂದರೆ ಬಂಗಾಳದ ಇಶಾಪುರ ಕಾರ್ಖಾನೆ. ಅಲ್ಲಿ 1960ರ ದಶಕದಲ್ಲಿ 7.62 ಎಂ.ಎಂ. ರೈಫಲ್ ತಯಾರಾಯಿತು, ನೋಡಲು ತ್ರೀ ನಾಟ್ ತ್ರೀಯ ತಮ್ಮನಂತೆ. ಅದನ್ನು 'ಬ್ರಿಟಿಷರ ಕಾಲದ್ದು' ಎಂದು ಹೇಳುವವರಿದ್ದಾರೆ. ವರ್ಷ ಓದಿದರೆ ಬಣ್ಣ ಬಯಲಾಗುತ್ತದೆ.

ಬತ್ತಿ ಬಂದೂಕು, ಚಕಮಕಿ ಬಂದೂಕುಗಳಲ್ಲಿ ಮುದ್ರೆ ಇರಲಿಕ್ಕಿಲ್ಲ. ಅಲ್ಲಿ ಮರ ಮತ್ತು ಕಬ್ಬಿಣ ಕೂಡಿದ ಜಾಗ ನೋಡಬೇಕು. ಖರೇ ಹಳೆಯದರಲ್ಲಿ ಕೈ ತಾಗುವ ಕಡೆ ಮರ ಸವೆದಿರುತ್ತದೆ, ತಾಗದ ಕಡೆ ಇಲ್ಲ. ಇಡೀ ಮೈ ಒಂದೇ ಸಮ ಕಪ್ಪಾಗಿ, ಮೆಷಿನ್ನಿನ ಸ್ಕ್ರೂ ಕೂತಿದ್ದರೆ ಅದು ಗೋಡೆಯ ಅಲಂಕಾರಕ್ಕೆಂದು ಮಾಡಿದ್ದು. ಆಸಿಡ್ ಸವರಿದರೆ ಎರಡು ದಿನದಲ್ಲಿ ನೂರು ವರ್ಷದ ತುಕ್ಕು ತರಬಹುದು.

ಅಸಲಿ ಮಾಲು ಸಿಕ್ಕವರು ಮಾಡುವ ದೊಡ್ಡ ತಪ್ಪು ಎಂದರೆ ಮರಳು ಕಾಗದದಿಂದ ತಿಕ್ಕಿ ಫಳಫಳ ಮಾಡುವುದು. ಮುದ್ರೆ ಅಳಿಯಿತೋ, ಬೆಲೆಯೂ ಅಳಿಯಿತು.

ಕಥೆ ಖರೇ ಇದ್ದರೆ ಜೈಲು

ಈ ಭಾಗದಲ್ಲಿ ಹೆಚ್ಚು ಓಡುವ ಮಾತು "ರಜಾಕಾರರ ಕಾಲದ್ದು" ಎಂಬುದು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಕದನ ನಿಲ್ಲಿಸಿ, ಮರುದಿನ ಅವರ ಫೌಜು ಶರಣಾಯಿತು. ಆ ಗದ್ದಲದ ನೆನಪು ಮನೆಮನೆಯಲ್ಲಿದೆ. ಹಾಗಾಗಿ ಕಥೆಗೆ ಗಿರಾಕಿಯೂ ಇದೆ. ಆದರೆ ಕೊಳ್ಳುವವನು ಒಂದು ಕ್ಷಣ ಯೋಚಿಸಲಿ. ಆ ಕಾಲದ ಫೌಜಿ ರೈಫಲ್ ಎಂದರೆ ತ್ರೀ ನಾಟ್ ತ್ರೀ. ಅದು ಕಾನೂನಿನಲ್ಲಿ ನಿಷೇಧಿತ ಬೋರು. ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೂ ಇಲ್ಲ, ದಿಲ್ಲಿಯ ಗೃಹ ಖಾತೆಗೆ. 2019ರ ತಿದ್ದುಪಡಿಯ ನಂತರ ಅಕ್ರಮವಾಗಿ ಇಟ್ಟುಕೊಂಡವನಿಗೆ ಕನಿಷ್ಠ 7 ವರ್ಷ. ಅಂದರೆ ಮಾರುವವನ ಕಥೆ ಸುಳ್ಳಿದ್ದರೆ ರೊಕ್ಕ ಹೋಯಿತು, ಖರೇ ಇದ್ದರೆ ಜೈಲು ಬಂತು!

"ಹಳೇದು ಅದರಿ, ಹಾರೋದಿಲ್ಲ, ಲೈಸೆನ್ಸ್ ಯಾಕ್ ಬೇಕು?" ಎಂಬ ವಾದವೂ ಉಂಟು. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೆ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಷರತ್ತು ಬಿಗಿ: ರಿಪೇರಿ ಮಾಡಿದರೂ ಅದು ಹಾರುವಂತಿರಬಾರದು. ಇವತ್ತು ಹಾರದಿದ್ದರೂ ನಾಳೆ ಕಮ್ಮಾರ ಸರಿಮಾಡಬಲ್ಲನಾದರೆ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಅದನ್ನು ತೋರಿಸಿ ಸೇಡಂ, ಚಿಂಚೋಳಿಯಲ್ಲಿ ಪಾರಾಗಲು ಬರುವುದಿಲ್ಲ. ನೂರು ವರ್ಷ ದಾಟಿದ್ದಾದರೆ 1972ರ ಪುರಾವಸ್ತು ಕಾಯ್ದೆ ಬೇರೆ ಇದೆ: ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅಂಥ ವಸ್ತುಗಳ ವ್ಯಾಪಾರ ನಡೆಸುವಂತಿಲ್ಲ. ಲಂಡನ್ನಿನ ಹರಾಜಿನ ದರ ಕೇಳಿ ಬಾಯಲ್ಲಿ ನೀರೂರಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಸಿಕ್ಕರೆ ಏನು ಮಾಡಬೇಕು

ಮೊದಲು, ಕುದುರೆ ಎಳೆದು ನೋಡುವ ಹುಚ್ಚು ಬೇಡ. ಬಾಯಿಂದ ಮದ್ದು ತುಂಬುವ ಹಳೆ ಬಂದೂಕುಗಳು ಎಷ್ಟೋ ಸಲ ತುಂಬಿದ್ದಂತೆಯೇ ಅಟ್ಟ ಸೇರಿರುತ್ತವೆ. ಮುತ್ಯಾ ಹಾಕಿದ ಮದ್ದು ಮೊಮ್ಮಗನ ಕೈಯಲ್ಲಿ ಹಾರಬಾರದು. ತಿಕ್ಕುವುದೂ ಬೇಡ, ಬಿಚ್ಚುವುದೂ ಬೇಡ. ಇದ್ದಲ್ಲೇ ಫೋಟೋ ತೆಗೆದು, ಸಮೀಪದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಅರ್ಜಿಯ ನಕಲಿಗೆ ಸಹಿ-ಶಿಕ್ಕೆ ಪಡೆಯಬೇಕು. ಹಿರಿಯರ ಹೆಸರಿನ ಹಳೆ ಲೈಸೆನ್ಸ್ ಪುಸ್ತಕ ಇದ್ದರೆ ಅದನ್ನು ಬಂದೂಕಿಗಿಂತ ಜೋಪಾನವಾಗಿಡಬೇಕು. ಠಾಣೆಯಲ್ಲಿ ಜಮಾ ಮಾಡಿದ ಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು ದಾರಿ ಇದೆ. ವಸ್ತು ನಿಜಕ್ಕೂ ಪುರಾತನ ಅನ್ನಿಸಿದರೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದವರಿಗೂ ಒಂದು ಪತ್ರ ಬರೆಯಬಹುದು.

ಕೊಳ್ಳುವವನಿಗೆ ಹೇಳುವುದು ಇನ್ನೂ ಚಿಕ್ಕದು. "ಎಷ್ಟ್ ಕೊಡಬೇಕು?" ಎಂದು ಕೇಳುವ ಮೊದಲು "ಕಾಗದ ತೋರ್ಸ್ರಿ" ಎನ್ನಬೇಕು. ಆ ಮಾತಿಗೆ ಮಾರುವವನು ಬಂದೂಕು ಗೋಣಿಚೀಲದಲ್ಲಿ ಸುತ್ತಲು ಶುರುಮಾಡಿದರೆ, ಬೆಲೆ ಕೇಳುವ ಗರಜೇ ಇಲ್ಲ.