ಮೊಲದ ಕತ್ತು ಹೇಳಿದ್ದು, ಹೇಳದೆ ಉಳಿದದ್ದು

ಒಂದು ಔಷಧ ಸ್ನಾಯುವಿನ ಬಲವನ್ನು ಎಷ್ಟು ಕುಗ್ಗಿಸುತ್ತದೆ? ಇದನ್ನು ಅಳೆಯಲು ವಿಜ್ಞಾನಿಗಳು ಮೊದಲು ಆಶ್ರಯಿಸಿದ್ದು ಕಪ್ಪೆ ಮತ್ತು ಮೊಲಗಳನ್ನು.

ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ವಿಷ ಕುರಾರೆ. ಅದು ತಗುಲಿದ ಪ್ರಾಣಿ ಒದ್ದಾಡದೆ ಕುಸಿದು, ಉಸಿರು ನಿಂತು ಸಾಯುತ್ತದೆ. ಫ್ರಾನ್ಸಿನ ಕ್ಲೋದ್ ಬರ್ನಾರ್ಡ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕಪ್ಪೆಗಳ ಮೇಲೆ ಇದನ್ನು ಪರೀಕ್ಷಿಸಿದರು. ನರಕ್ಕೆ ವಿದ್ಯುತ್ ಹಾಯಿಸಿದರೆ ಕಾಲು ಮಿಡುಕಲಿಲ್ಲ; ನೇರವಾಗಿ ಸ್ನಾಯುವಿಗೆ ಹಾಯಿಸಿದಾಗ ಮಿಡುಕಿತು. ಸ್ನಾಯು ಸತ್ತಿರಲಿಲ್ಲ, ನರದ ಆಜ್ಞೆ ಅದನ್ನು ತಲುಪುತ್ತಿರಲಿಲ್ಲ, ಅಷ್ಟೆ. ದೇಹ ನಿಶ್ಚಲವಾದರೂ ಅರಿವು ಉಳಿದಿರುತ್ತದೆಂದು ಅವರು 1864ರಲ್ಲೇ ಬರೆದಿದ್ದರು.

ವಿಷ ಔಷಧವಾಗಬೇಕಾದರೆ ಪ್ರಮಾಣ ಖಚಿತವಾಗಬೇಕು. ಕಾಡಿನಿಂದ ಬಂದ ಕುರಾರೆಯ ತೀವ್ರತೆಯಾದರೋ ಒಂದೊಂದು ಸಲ ಒಂದೊಂದು ರೀತಿ. ಅದಕ್ಕೆ ಅಮೆರಿಕದಲ್ಲಿ ಕಂಡುಕೊಂಡ ಉಪಾಯ ಸರಳವಾಗಿತ್ತು. ಮೊಲದ ರಕ್ತನಾಳಕ್ಕೆ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಕೊಡುತ್ತ ಹೋಗುವುದು; ಕತ್ತು ಸೋತು ತಲೆ ಬಾಗಿದಾಗ ನಿಲ್ಲಿಸುವುದು. ಉಸಿರಾಟದ ಸ್ನಾಯುಗಳಿಗಿಂತ ಮೊದಲೇ ಕತ್ತಿನವು ಸೋಲುವುದರಿಂದ ಮೊಲ ಸಾಯದೆ ಚೇತರಿಸಿಕೊಳ್ಳುತ್ತಿತ್ತು. ಹೀಗೆ ಅಳೆದ ಔಷಧವನ್ನೇ 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಅರಿವಳಿಕೆಯ ಜೊತೆಗೆ ರೋಗಿಯೊಬ್ಬರಿಗೆ ನೀಡಿದರು. ಹೊಟ್ಟೆಯ ಸ್ನಾಯುಗಳು ಸಡಿಲವಾಗಿ ಶಸ್ತ್ರಕ್ರಿಯೆ ಸುಲಭವಾಯಿತು.

ಆದರೆ ಮೊಲದ ಕತ್ತು ಒಂದು ಸಂಗತಿಯನ್ನು ಹೇಳಿರಲಿಲ್ಲ. ಕುರಾರೆ ನೋವನ್ನೂ ಅಳಿಸುತ್ತದೆಂದು ಕೆಲವು ವೈದ್ಯರು ಭಾವಿಸಿದರು. ರೋಗಿ ಅಲುಗುತ್ತಿಲ್ಲ, ಹಾಗಾದರೆ ನೋವಿಲ್ಲ ಎಂಬ ತರ್ಕ. ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ಇದನ್ನು ಪರೀಕ್ಷಿಸಲು ತಮ್ಮ ದೇಹಕ್ಕೇ ಕುರಾರೆಯ ಸಾರವನ್ನು ಚುಚ್ಚಿಸಿಕೊಂಡರು. ಕೃತಕ ಉಸಿರಾಟದಲ್ಲಿ ಕಣ್ಣೆವೆಯನ್ನೂ ಅಲುಗಿಸಲಾರದೆ ಮಲಗಿದ್ದರೂ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು, ನೋವೂ ತಿಳಿಯುತ್ತಿತ್ತು. 1947ರಲ್ಲಿ ಆ ವರದಿ ಪ್ರಕಟವಾಯಿತು.

ಇಂದು ಉಪಕರಣಗಳು ಬದಲಾಗಿವೆ. ಇಲಿ ಬಿಗಿಯಾಗಿ ಹಿಡಿದ ಸರಳನ್ನು ಎಷ್ಟು ಬಲ ಹಾಕಿದರೆ ಬಿಡುತ್ತದೆಂದು ಮಾಪಕ ತೋರಿಸುತ್ತದೆ. ತಿರುಗುವ ದಂಡದ ಮೇಲೆ ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ಎಣಿಸುತ್ತದೆ. ಶಸ್ತ್ರಕ್ರಿಯಾ ಕೊಠಡಿಯಲ್ಲಿ ರೋಗಿಯ ಮಣಿಕಟ್ಟಿನ ನರವನ್ನು ನಾಲ್ಕು ಬಾರಿ ಪ್ರಚೋದಿಸಿ, ಹೆಬ್ಬೆರಳು ಎಷ್ಟು ಸಲ ಮಿಡುಕಿತೆಂದು ನೋಡುತ್ತಾರೆ. ಬರ್ನಾರ್ಡರ ಕಪ್ಪೆಯ ಕಾಲಿನ ತತ್ವವೇ ಇದು. ಆದರೆ ರೋಗಿಗೆ ಎಚ್ಚರವಿದೆಯೇ ಎಂಬುದನ್ನು ಅರಿವಳಿಕೆ ತಜ್ಞರು ಬೇರೆಯಾಗಿಯೇ ಗಮನಿಸಬೇಕು. ಹೆಬ್ಬೆರಳು ಹೇಳುವುದು ಸ್ನಾಯುವಿನ ಸುದ್ದಿಯನ್ನು ಮಾತ್ರ.